ಬೆಳಕುತಾಳಿಕೆ: ಪಕ್ಕಾ ಬಣ್ಣದ ಇನ್ನೊಂದು ಲೆಕ್ಕ

ಇಳಕಲ್ ಸೀರೆ ಕೊಳ್ಳುವಾಗ ನಮ್ಮ ಬಾಗಲಕೋಟೆ ಕಡೆಯವರು 'ಬಣ್ಣ ಪಕ್ಕಾ ಇದೆಯೇ?' ಎಂದು ಕೇಳುವುದು ನೀರಿಗೆ ಹೆದರಿ. ಒಗೆದರೆ ಬಣ್ಣ ಬಿಡುವುದು ಬೇರೆ, ಬಿಸಿಲಿಗೆ ಮಾಸುವುದು ಬೇರೆ. ಬೆಳಕು ಬೀಳುತ್ತಿದ್ದರೂ ಬಣ್ಣ ಮಾಸದೆ ನಿಲ್ಲುವ ಗುಣವೇ ಲೈಟ್‌ಫಾಸ್ಟ್‌ನೆಸ್. ನಾನು ಅದನ್ನು ಬೆಳಕುತಾಳಿಕೆ ಎನ್ನುತ್ತೇನೆ.

ನನಗೆ ಇದರ ಅರ್ಥವಾದದ್ದು ಒಂದು ಚಿತ್ರ ಹಾಳಾದ ಮೇಲೆ. ಬಾದಾಮಿಯ ಅಗಸ್ತ್ಯತೀರ್ಥದ ಸಂಜೆಯನ್ನು ಸಾಫ್ಟ್ ಪೇಸ್ಟಲ್‌ನಲ್ಲಿ ಬರೆದು, ಪಡುವಣ ಕಿಟಕಿಯ ಎದುರು ತೂಗುಹಾಕಿದ್ದೆ. ಎರಡು ಬೇಸಿಗೆ ಕಳೆಯುವುದರಲ್ಲಿ ಬಂಡೆಯ ಕೆಂಪು ಇದ್ದಂತೆಯೇ ಇತ್ತು, ಆಕಾಶದ ಗುಲಾಬಿ ಬೂದಿಯಾಗಿತ್ತು. ಚೌಕಟ್ಟು ಬಿಚ್ಚಿದರೆ ಅಂಚಿನಡಿ ಬೆರಳಗಲ ಮಾತ್ರ ಹಳೆಯ ಗುಲಾಬಿ ಉಳಿದಿತ್ತು.

ಪೇಸ್ಟಲ್ ಕಡ್ಡಿ ಎಂದರೆ ಬಣ್ಣದ ಪುಡಿ, ಸೀಮೆಸುಣ್ಣದಂಥ ಬಿಳಿ ಪುಡಿ, ಚೂರು ಅಂಟು. ತೈಲವರ್ಣದಂತೆ ತಟ್ಟೆಯಲ್ಲಿ ಕಲಸಲು ಬಾರದು, ಹಾಗಾಗಿ ಛಾಯೆಗೊಂದು ಕಡ್ಡಿ ಬೇಕು. ರೆಂಬ್ರಾಂಟ್ ಬ್ರ್ಯಾಂಡಿನದು 218 ಛಾಯೆ, ಸೆನೆಲಿಯರ್‌ನದು 525. ಇಷ್ಟಕ್ಕೂ ಮೂಲ ವರ್ಣದ್ರವ್ಯಗಳು, ಅಂದರೆ ಬಣ್ಣ ಕೊಡುವ ಪುಡಿಗಳು (ಪಿಗ್ಮೆಂಟ್), ಅಷ್ಟಿಲ್ಲ. ಒಂದಕ್ಕೇ ಬಿಳಿಯನ್ನೋ ಕಪ್ಪನ್ನೋ ಬೆರೆಸಿ ಸಾಲು ಬೆಳೆಸುತ್ತಾರೆ. ಬಿಳಿ ಹೆಚ್ಚಿದಷ್ಟೂ ಬಣ್ಣದ ಕಣ ಕಡಿಮೆ, ಮಾಸಿದ್ದು ಬೇಗ ಕಾಣುತ್ತದೆ. ಪೆಟ್ಟಿಗೆ ದೊಡ್ಡದಿದೆ ಎಂದು ಮರುಳಾಗಬೇಡಿ.

ತಾಳಿಕೆ ಅಳೆಯಲು, ಬಣ್ಣದ ಜೊತೆಗೇ ಬೆಳಕಿಗಿಟ್ಟು ಹೋಲಿಸುವ ನೀಲಿ ಉಣ್ಣೆಯ ಎಂಟು ಪಟ್ಟಿಗಳ ಮಾಪನವಿದೆ: 1 ಬಲುಬೇಗ ಮಾಸುತ್ತದೆ, 8 ಬಹಳ ನಿಧಾನ, ಒಂದೊಂದು ಮೆಟ್ಟಿಲಿಗೂ ಮಾಸಲು ಬೇಕಾದ ಹೊತ್ತು ಹೆಚ್ಚುಕಡಿಮೆ ಇಮ್ಮಡಿ. ಕಂಪನಿಗಳು ಮಾತ್ರ ತಮ್ಮತಮ್ಮದೇ ನಕ್ಷತ್ರ, ಕೂಡುಗುರುತು ಹಾಕುತ್ತವೆ; ಒಂದರ ನಕ್ಷತ್ರವನ್ನು ಇನ್ನೊಂದರದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ವರ್ಣದ್ರವ್ಯದ ಸಂಕೇತ ನೋಡುವುದು ಮೇಲು (ಪಿ ಎಂದರೆ ಪಿಗ್ಮೆಂಟ್, ಆರ್ ಕೆಂಪು, ವಿ ನೇರಳೆ). ಪಿಆರ್83 ಎಂದಿದ್ದರೆ ಅಲಿಜರಿನ್, ಮಾಸುವ ಕೆಂಪು. ಪಿವಿ19 ಕ್ವಿನಾಕ್ರಿಡೋನ್, ಬಹುಪಾಲು ತಾಳುತ್ತದೆ. ಪಿಆರ್101 ಕಬ್ಬಿಣದ ಆಕ್ಸೈಡ್, ಬೆಳಕಿಗೆ ಜಗ್ಗದ ಕೆಂಪು. ಬಾದಾಮಿಯ ಬಂಡೆಯನ್ನು ಕೆಂಪಾಗಿಸಿರುವುದೂ ಕಬ್ಬಿಣದ ಆಕ್ಸೈಡೇ. ನನ್ನ ಬಂಡೆ ಉಳಿದದ್ದು ಸುಮ್ಮನಲ್ಲ! ಕಣ್ಣು ಕುಕ್ಕುವ ಗುಲಾಬಿ, ನೇರಳೆಗಳ ಮೇಲೆ ಮಾತ್ರ ಒಂದು ಅನುಮಾನವಿರಲಿ. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿದರೂ ಮಾಸುವುದು ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಈಗ ಹೊಸ ಕಡ್ಡಿ ತಂದರೆ ಕಾಗದಕ್ಕೆ ಉಜ್ಜಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಅದೇ ಕಿಟಕಿಗೆ ಅಂಟಿಸುತ್ತೇನೆ. ಹೋದ ವರ್ಷ ಮೂರು ಗುಲಾಬಿಗಳು ಸೋತವು. ಅವು ಈಗ ಅಂಗಳದಲ್ಲಿ ಮಕ್ಕಳಿಗೆ ಕುಂಟೆಬಿಲ್ಲೆಯ ಮನೆ ಗೀಚಲು ಆಗಿವೆ.