ಪ್ರೊಬೇಷನ್ ಬಿಗಿ ಮಾಡಿದರೆ ಅಪರಾಧ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಕೋರ್ಟು ಪ್ರೊಬೇಷನ್ ಮೇಲೆ ಬಿಟ್ಟವರನ್ನು ವಾರಕ್ಕೆರಡು ಸಲ ಕರೆಸಿ, ಮನೆಗೂ ಹೋಗಿ ನೋಡುತ್ತಿದ್ದರೆ ಅವರು ಮತ್ತೆ ತಪ್ಪು ಮಾಡುವುದಿಲ್ಲ, ಅಲ್ವಾ ಸರ್? (ಶಹಾಪುರದ ಓದುಗರು)

ಉತ್ತರ: ಕಲಬುರಗಿಯಿಂದ ಬರಲಿ, ಬೀದರ್‌ನಿಂದ ಬರಲಿ, ಪ್ರಶ್ನೆ ಮಾತ್ರ ಇದೇ. ಮತ್ತೊಮ್ಮೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಪ್ರೊಬೇಷನ್ ಅಂದರೆ ಜಾಮೀನಲ್ಲ, ಖುಲಾಸೆಯೂ ಅಲ್ಲ. ತಪ್ಪು ಸಾಬೀತಾದ ಮೇಲೆ, ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇದರ ಅವಧಿ ಹೆಚ್ಚೆಂದರೆ 3 ವರ್ಷ. ಬೇಕೆನಿಸಿದರೆ ಕೋರ್ಟು ಪ್ರೊಬೇಷನ್ ಅಧಿಕಾರಿಯನ್ನೂ ನಿಗಾಕ್ಕೆ ಇಡುತ್ತದೆ.

ಇನ್ನು ಆ ನಂಬಿಕೆ. ಕಣ್ಣು ಜಾಸ್ತಿ ಇಟ್ಟಷ್ಟೂ ಅಪರಾಧ ಕಡಿಮೆ ಎನ್ನುವುದು ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಇದನ್ನು ಸುಮ್ನೆ ಊಹಿಸಬೇಕಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಬಿಗಿ ನಿಗಾದ ಪ್ರೊಬೇಷನ್ 1980ರ ದಶಕದಲ್ಲಿ ಹಬ್ಬಿತು. ಅಲ್ಲಿನ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಜೋನ್ ಪೀಟರ್ಸಿಲಿಯಾ ಮತ್ತು ಸುಸಾನ್ ಟರ್ನರ್ 9 ರಾಜ್ಯಗಳ 14 ಕಡೆ ಇದರ ಫಲ ಅಳೆದರು. ಯಾರು ಬಿಗಿ ನಿಗಾಕ್ಕೆ, ಯಾರು ಮಾಮೂಲಿಗೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದರು. ಈ ಹಂಚಿಕೆಯೇ ಇಡೀ ಕೆಲಸದ ಜೀವಾಳ. ಮೊದಲೇ ಸಾಧು ಸ್ವಭಾವದವರನ್ನು ಆರಿಸಿಕೊಂಡು, "ನೋಡಿ, ನಮ್ಮ ಕಾರ್ಯಕ್ರಮ ಗೆದ್ದಿತು" ಎನ್ನುವುದು ಯಾರಿಗೂ ಸುಲಭ.

1993ರ ವರದಿ ಹೇಳಿದ್ದೇನು? ಒಂದು ವರ್ಷದಲ್ಲಿ ಮತ್ತೆ ಬಂಧನವಾದವರು ಬಿಗಿ ನಿಗಾದ ಗುಂಪಿನಲ್ಲಿ ಶೇ 37, ಮಾಮೂಲಿ ಗುಂಪಿನಲ್ಲಿ ಶೇ 33. ಅಂದರೆ ಅಪರಾಧ ಇಳಿಯಲಿಲ್ಲ. ಆದರೆ ಭೇಟಿ ತಪ್ಪಿಸುವುದು, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಮುಂತಾದ ಷರತ್ತು ಮುರಿದ ಪ್ರಕರಣಗಳು ಶೇ 65ಕ್ಕೆ ಏರಿದವು, ಇನ್ನೊಂದು ಗುಂಪಿನಲ್ಲಿ ಅವು ಶೇ 38. ಜೈಲು ಖಾಲಿ ಮಾಡಲು ಬಂದ ಯೋಜನೆ ಜೈಲಿಗೇ ಜನ ಕಳಿಸಿತು! ಕಲಬುರಗಿಯ ಜಗತ್ ವೃತ್ತದಲ್ಲಿ ಹೆಲ್ಮೆಟ್ ತಪಾಸಣೆ ಜಾಸ್ತಿಯಾದ ದಿನ ದಂಡದ ರಸೀದಿಯೂ ಜಾಸ್ತಿಯಾಗುತ್ತದೆ. ಅವತ್ತು ಮಾತ್ರ ಜನ ಕೆಟ್ಟರು ಅಂತ ಯಾರಾದರೂ ಹೇಳುತ್ತೀರಾ?

ನಮ್ಮ ಕಡೆಯದನ್ನೂ ಯೋಚಿಸಿ. ಸುರಪುರದ ಕೂಲಿಯವನಿಗೆ ಯಾದಗಿರಿಗೆ ಬಂದು ಸಹಿ ಹಾಕುವುದೆಂದರೆ ಒಂದು ದಿನದ ಕೂಲಿ ಹೋಯಿತು. ತೊಗರಿ ರಾಶಿ ಮುಗಿದರೆ ಮನೆಮಂದಿಯೆಲ್ಲ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ವಾರಕ್ಕೆರಡು ಸಲ ಬಾ ಎಂದರೆ ಅವನು ತಾರೀಖು ತಪ್ಪಿಸಿಯೇ ತಪ್ಪಿಸುತ್ತಾನೆ. ಅದು ಕಳ್ಳತನವಲ್ಲ, ಹೊಟ್ಟೆಪಾಡು. ನಮ್ಮ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ಇದಕ್ಕೆ ಜಾಗವಿದೆ. ಮೊದಲ ಸಲ ಷರತ್ತು ಮುರಿದರೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಬಹುದು.

ಹಾಗಾದರೆ ನಿಗಾ ಬೇಡವೇ? ಬೇಕು. ಅದೇ ವರದಿಯಲ್ಲಿ, ನಿಗಾದ ಜೊತೆ ಚಿಕಿತ್ಸೆ, ಕೆಲಸ, ಪರಿಹಾರ ಪಾವತಿ ಇಂಥವುಗಳಲ್ಲಿ ತೊಡಗಿದವರ ಮರುಬಂಧನ ಶೇ 10ರಿಂದ 20ರಷ್ಟು ಕಡಿಮೆ ಇತ್ತು. ಅಧಿಕಾರಿ ಕುಡಿತ ಬಿಡಿಸುವ ದಾರಿ ತೋರಿಸಿದರೆ, ಕೆಲಸ ಹುಡುಕಿಕೊಟ್ಟರೆ ಪ್ರಯೋಜನವಿದೆ. ಹಾಗೆ ನೆರವಾಗುವುದನ್ನು ನಮ್ಮ 14ನೇ ಸೆಕ್ಷನ್ ಅಧಿಕಾರಿಯ ಕರ್ತವ್ಯ ಎಂದೇ ಬರೆದಿದೆ. ಬರೀ ಹಾಜರಿ ಪುಸ್ತಕದಿಂದ ಏನೂ ಆಗದು.

ಇಷ್ಟು ಓದಿದವರು ಮುಂದೆ ಕೇಳುವುದು ನನಗೆ ಗೊತ್ತು: ಸರ್ಕಾರಿ ನೌಕರಿ ಉಳಿಯುತ್ತದೆಯೇ? 12ನೇ ಸೆಕ್ಷನ್ ತಪ್ಪು ಸಾಬೀತಾದ್ದರಿಂದ ಬರುವ ಅನರ್ಹತೆಯನ್ನು ತೆಗೆಯುತ್ತದೆ ನಿಜ. ಆದರೆ ತಪ್ಪಿತಸ್ಥ ಎಂಬ ತೀರ್ಪು ಅಳಿಸುವುದಿಲ್ಲ, ಆ ನಡತೆಯ ಮೇಲೆ ಇಲಾಖೆ ಕ್ರಮ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಬಕ್ಷಿ ರಾಮ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ನೌಕರಿಯಲ್ಲಿರುವವರು ಪ್ರೊಬೇಷನ್ ಸಿಕ್ಕಿತು ಅಂತ ಸುಮ್ಮನಾಗಬೇಡಿ. ತೀರ್ಪಿನ ವಿರುದ್ಧ ಅಪೀಲು ಹಾಕಬೇಕೇ ಎಂದು, ಅಪೀಲಿನ ಅವಧಿ ಮುಗಿಯುವ ಮೊದಲೇ ವಕೀಲರನ್ನು ಕೇಳಿ.