ಒಂದು ಗಂಟೆ ಆದ್ಮೇಲೆ ಲೂಟನ್‌ಗೆ ಏನಾಗ್ತಿತ್ತು

ಕೆಳಗಿನ ಡಿವಿಷನ್‌ನಿಂದ ಹತ್ತಿ ಬಂದ ಟೀಮ್ ಮೇಲೆ ಹೋಗಿ ಸೋಲೋಕೆ ಶುರು ಮಾಡಿದ್ರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು, "ಅವರ ಲೆವೆಲ್ ಅಷ್ಟೇ ಕಣ್ರೀ". ಬೆಂಗಳೂರಿನ ಫುಟ್‌ಬಾಲ್ ಲೀಗ್ ಟೀಮ್‌ಗಳಿಗೆ ಕೋಚಿಂಗ್ ಮಾಡ್ಕೊಂಡು, ರಾತ್ರಿ ಕೂತು ಮ್ಯಾಚ್ ವಿಡಿಯೋ ಕಟ್ ಮಾಡ್ಕೊಂಡು ಇಷ್ಟು ವರ್ಷ ಬಂದಿದೀನಿ, ಈ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಲೆವೆಲ್ ಅಂದ್ರೆ ಏನು? ಅದು ತೊಂಬತ್ತು ನಿಮಿಷ ಪೂರ್ತಿ ಒಂದೇ ಥರ ಕಾಣಿಸುತ್ತಾ? ನಾನು ನೋಡಿದ ಮಟ್ಟಿಗೆ ಇಲ್ಲ. ಬಹಳಷ್ಟು ಮ್ಯಾಚ್‌ಗಳಲ್ಲಿ ಮೊದಲ ಒಂದು ಗಂಟೆ ಎರಡು ಟೀಮಿಗೂ ದೊಡ್ಡ ವ್ಯತ್ಯಾಸ ಇರಲ್ಲ, ಅಸಲಿ ವ್ಯತ್ಯಾಸ ಶುರುವಾಗೋದೇ ಆಮೇಲೆ.

ಇದನ್ನ ಹೇಳೋಕೆ ಲೂಟನ್ ಟೌನ್‌ನ 2023-24ರ ಸೀಸನ್‌ಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಕ್ಲಬ್ಬು 2009ರಲ್ಲಿ ಇಂಗ್ಲೆಂಡಿನ ಲೀಗ್ ವ್ಯವಸ್ಥೆಯಿಂದಲೇ ಆಚೆ ಬಿದ್ದಿತ್ತು, ಹಣಕಾಸಿನ ತಪ್ಪುಗಳಿಗೆ ಒಟ್ಟು 30 ಪಾಯಿಂಟ್ ಕಿತ್ಕೊಂಡಿದ್ರು. ಐದು ವರ್ಷ ನಾನ್-ಲೀಗ್‌ನಲ್ಲಿ ಒದ್ದಾಡಿ 2014ರಲ್ಲಿ ವಾಪಸ್ ಬಂದು, ಒಂದೊಂದೇ ಮೆಟ್ಟಿಲು ಹತ್ತಿ, 2023ರ ಮೇ 27ಕ್ಕೆ ವೆಂಬ್ಲಿಯಲ್ಲಿ ಕವೆಂಟ್ರಿ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ 6-5ಕ್ಕೆ ಗೆದ್ದು ಅಲ್ಲಿನ ಎಲ್ಲಕ್ಕಿಂತ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ಗೆ ಬಂತು. ಪೆಲ್ಲಿ ರಡಕ್ ಎಂಪಾನ್ಜು ಅನ್ನೋ ಮಿಡ್‌ಫೀಲ್ಡರ್ ನಾನ್-ಲೀಗ್ ದಿನದಿಂದ ಅಲ್ಲೇ ಇದ್ದು ಅದೇ ಜರ್ಸಿಯಲ್ಲಿ ಪ್ರೀಮಿಯರ್ ಲೀಗ್ ಆಡಿದ. ಹನ್ನೆರಡು ಸಾವಿರ ಜನ ಕೂಡ ಹಿಡಿಯದ ಕೆನಿಲ್‌ವರ್ತ್ ರೋಡ್ ಅವರ ಸ್ಟೇಡಿಯಂ, ಹೊರಗಿನ ಟೀಮಿನ ಫ್ಯಾನ್ಸ್ ಒಳಗೆ ಹೋಗೋ ಗೇಟು ಸಾಲು ಮನೆಗಳ ಮಧ್ಯೆ ಇದೆ, ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯವರ ಹಿತ್ತಲು ಕಾಣುತ್ತೆ.

ಈಗ ಲೆಕ್ಕ ನೋಡಿ. ಬಡ್ತಿ ಸಿಕ್ಕ ಸೀಸನ್‌ನಲ್ಲಿ, ಅಂದ್ರೆ ಒಂದು ಮೆಟ್ಟಿಲು ಕೆಳಗಿನ ಚಾಂಪಿಯನ್‌ಶಿಪ್‌ನಲ್ಲಿ, ಲೂಟನ್ 46 ಮ್ಯಾಚ್‌ಗೆ 57 ಗೋಲ್ ಹೊಡೆದಿತ್ತು. ಮೇಲೆ ಬಂದ್ಮೇಲೆ 38 ಮ್ಯಾಚ್‌ಗೆ 52. ಅಂದ್ರೆ ಮ್ಯಾಚ್ ಲೆಕ್ಕದಲ್ಲಿ ಮೇಲಿನ ಡಿವಿಷನ್‌ನಲ್ಲೇ ಜಾಸ್ತಿ ಹೊಡೆದರು! ಅದೇ ವರ್ಷ ಎವರ್ಟನ್ ಹೊಡೆದಿದ್ದು ಬರೀ 40, ಅವರಿಗೆ 8 ಪಾಯಿಂಟ್ ಕಡಿತ ಬೇರೆ ಆಗಿತ್ತು, ಆದ್ರೂ ಅವರು ಉಳ್ಕೊಂಡ್ರು. ಲೂಟನ್ 26 ಪಾಯಿಂಟ್‌ಗೆ 18ನೇ ಸ್ಥಾನದಲ್ಲಿ ನಿಂತು ಕೆಳಗೆ ಹೋಯ್ತು. ಯಾಕಂದ್ರೆ ಚಾಂಪಿಯನ್‌ಶಿಪ್‌ನಲ್ಲಿ 46 ಮ್ಯಾಚ್‌ಗೆ 39 ಗೋಲ್ ಬಿಟ್ಟಿದ್ದ ಟೀಮು ಇಲ್ಲಿ 38 ಮ್ಯಾಚ್‌ಗೆ 85 ಬಿಡ್ತು. ಗೋಲ್ ಹೊಡೆಯೋ ತಾಕತ್ತು ಇರಲಿಲ್ಲ ಅನ್ನೋ ವಾದ ಅಲ್ಲಿಗೇ ಮುಗೀತು.

ಆ 85 ಯಾವಾಗ ಬಂದ್ವು ಅಂತ ನೋಡೋಕೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ, ಒಂದು ಗಂಟೆ ಒಳಗೆ ಆದ ಗೋಲ್ ನೀಲಿ ಪೆನ್ನಲ್ಲಿ, ಆಮೇಲಿನದು ಕೆಂಪಲ್ಲಿ. ನವೆಂಬರ್ 5, ಲಿವರ್‌ಪೂಲ್ ಮ್ಯಾಚ್: 80ನೇ ನಿಮಿಷಕ್ಕೆ ತಾಹಿತ್ ಚಾಂಗ್ ಕೌಂಟರ್‌ನಲ್ಲಿ ಹೊಡೆದು 1-0, ಸ್ಟೇಡಿಯಂ ಎದ್ದು ನಿಂತಿತ್ತು, 95ನೇ ನಿಮಿಷಕ್ಕೆ ಲೂಯಿಸ್ ಡಿಯಾಜ್ ಹೆಡರ್, 1-1. ಡಿಸೆಂಬರ್ 5, ಆರ್ಸೆನಲ್: ಲೂಟನ್ ಎರಡು ಸಲ ಹಿಂದೆ ಬಿದ್ದು ಎರಡು ಸಲನೂ ಸಮ ಮಾಡಿ, ರಾಸ್ ಬಾರ್ಕ್ಲಿ 57ನೇ ನಿಮಿಷಕ್ಕೆ ಹೊಡೆದು 3-2 ಮುಂದೆ ಬಂದಿತ್ತು. ಮೂರೇ ನಿಮಿಷಕ್ಕೆ ಹ್ಯಾವರ್ಟ್ಸ್ ಸಮ ಮಾಡಿದ, 97ನೇ ನಿಮಿಷಕ್ಕೆ ಓಡೆಗಾರ್ಡ್ ಕ್ರಾಸ್‌ಗೆ ಡೆಕ್ಲನ್ ರೈಸ್ ತಲೆ ಕೊಟ್ಟ, 4-3. ಇಲ್ಲಿ ಬೆಳಗಿನ ಜಾವ, ಮನೇಲಿ ಎಲ್ಲ ಮಲಗಿದ್ರು, ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಕೂತುಬಿಟ್ಟೆ. ಐದು ದಿನ ಬಿಟ್ಟು ಮ್ಯಾಂಚೆಸ್ಟರ್ ಸಿಟಿ: ಹಾಫ್ ಟೈಮ್‌ಗೆ ಲೂಟನ್ 1-0 ಮುಂದೆ, 62ಕ್ಕೆ ಬರ್ನಾರ್ಡೊ ಸಿಲ್ವಾ, 65ಕ್ಕೆ ಗ್ರೀಲಿಶ್, ಮುಗೀತು. ಫೆಬ್ರುವರಿಯಲ್ಲಿ ನ್ಯೂಕಾಸಲ್‌ನಲ್ಲಿ 4-2 ಮುಂದೆ ಇದ್ದು 67 ಮತ್ತು 73ಕ್ಕೆ ಬಿಟ್ಟು 4-4. ನೋಟ್‌ಬುಕ್ ತುಂಬಾ ಕೆಂಪು.

ಎಲ್ಲಕ್ಕಿಂತ ನೋವಾಗಿದ್ದು ಬೋರ್ನ್‌ಮತ್ ಮ್ಯಾಚ್. ಅದು ಮೊದಲು ನಡೆದಿದ್ದು ಡಿಸೆಂಬರ್ 16ಕ್ಕೆ, 1-1 ಇದ್ದಾಗ 59ನೇ ನಿಮಿಷಕ್ಕೆ ಕ್ಯಾಪ್ಟನ್ ಟಾಮ್ ಲಾಕ್ಯರ್ ಹೃದಯ ನಿಂತು ಮೈದಾನದಲ್ಲೇ ಬಿದ್ದ, ವೈದ್ಯರ ತಂಡ ಓಡಿ ಬಂದು ಅವನ ಜೀವ ಉಳಿಸ್ತು, ಮ್ಯಾಚ್ ಅಲ್ಲಿಗೇ ನಿಲ್ಲಿಸಿದ್ರು. ಮತ್ತೆ ಆಡಿಸಿದ್ದು 2024ರ ಮಾರ್ಚ್ 13ಕ್ಕೆ. ಲೂಟನ್ ಹುಡುಗರು ಹಾಫ್ ಟೈಮ್‌ಗೆ 3-0 ಮುಂದೆ, ಚಾಂಗ್, ಒಗ್ಬೆನೆ, ಬಾರ್ಕ್ಲಿ ಮೂರು ಜನ ಒಂದೊಂದು. ಸೆಕೆಂಡ್ ಹಾಫ್‌ನಲ್ಲಿ 50, 62, 64, 83. ನಾಲ್ಕು ಗೋಲ್ ತಿಂದು 4-3ಕ್ಕೆ ಸೋತ್ರು. ಆ 62ನೇ ಮತ್ತು 64ನೇ ನಿಮಿಷದ ಮಧ್ಯೆ ಇರೋದನ್ನ ನಾನು ಎಷ್ಟು ಸಲ ರಿವೈಂಡ್ ಮಾಡಿ ನೋಡಿದೀನೋ ಲೆಕ್ಕ ಇಲ್ಲ. ಹೆದರಿಕೆ ಅಂತ ಕಾಮೆಂಟರಿಯವರು ಹೇಳಬಹುದು, ಆದ್ರೆ ನನಗೆ ಅಲ್ಲಿ ಕಾಣೋದು ಕಾಲು. ಕಾಲು ಸೋತಿದೆ.

ಯಾಕೆ ಸೋಲುತ್ತೆ? ಆಗಿನ ಕೋಚ್ ರಾಬ್ ಎಡ್ವರ್ಡ್ಸ್ ಆಡಿಸ್ತಿದ್ದ ಆಟ ಅಂಥದ್ದು. ಬಹುಪಾಲು ಮ್ಯಾನ್-ಟು-ಮ್ಯಾನ್, ಎದುರಾಳಿ ಎಲ್ಲಿ ಹೋದ್ರೂ ನೀನು ಅವನ ಬೆನ್ನಿಗೆ. ಬಾಲ್ ಸಿಕ್ಕಿದ್ರೆ ಉದ್ದಕ್ಕೆ ಸ್ಟ್ರೈಕರ್‌ಗಳಾದ ಅಡೆಬಾಯೋ ಅಥವಾ ಮಾರಿಸ್ ಕಡೆಗೆ, ಆಮೇಲೆ ಅಂಚಲ್ಲಿ ಓಡೋ ವಿಂಗ್‌ಬ್ಯಾಕ್ ಡೌಟಿಯಿಂದ ಕ್ರಾಸ್. ಹೊಸಬರಿಗೆ ಈ ಆಟ ಚೆನ್ನಾಗಿ ಹೊಂದುತ್ತೆ, ದೊಡ್ಡ ಟೀಮ್‌ಗಳಿಗೆ ಉಸಿರಾಡೋಕೆ ಬಿಡಲ್ಲ, ಅದಕ್ಕೇ ಮೊದಲ ಒಂದು ಗಂಟೆ ಅಷ್ಟು ಚೆಂದ ಆಡ್ತಿದ್ರು. ಆದ್ರೆ ಝೋನ್‌ನಲ್ಲಿ, ಅಂದ್ರೆ ಆಳಿನ ಬದಲು ಜಾಗ ಕಾಯ್ತಾ, ಡಿಫೆಂಡ್ ಮಾಡುವಾಗ ಒಬ್ಬನಿಗೆ ಸುಸ್ತಾದ್ರೆ ಪಕ್ಕದವನು ನಾಲ್ಕು ಹೆಜ್ಜೆ ಸರಿದು ಜಾಗ ಮುಚ್ತಾನೆ, ಮ್ಯಾನ್-ಟು-ಮ್ಯಾನ್‌ನಲ್ಲಿ ಹಾಗಾಗಲ್ಲ. ಒಬ್ಬ ಎರಡು ಹೆಜ್ಜೆ ತಡ ಮಾಡಿದ್ರೆ ಅವನ ಆಳು ಖಾಲಿ, ಆ ಆಳನ್ನ ಹಿಡಿಯೋಕೆ ಇನ್ನೊಬ್ಬ ತನ್ನ ಆಳು ಬಿಟ್ಟು ಬರಬೇಕು, ಹೀಗೆ ಸರಪಳಿ ಪೂರ್ತಿ ಬಿಚ್ಚಿಕೊಳ್ಳುತ್ತೆ. ಅದೇ ತಪ್ಪು ಚಾಂಪಿಯನ್‌ಶಿಪ್‌ನಲ್ಲಿ ಆದ್ರೆ ಎದುರಿನವನು ಬಾಲ್ ಕಂಟ್ರೋಲ್ ಮಾಡೋಕೆ ಇನ್ನೊಂದು ಟಚ್ ತಗೋತಾನೆ, ಅಷ್ಟರಲ್ಲಿ ನೀನು ವಾಪಸ್ ಬಂದಿರ್ತೀಯ. ಮೇಲಿನ ಡಿವಿಷನ್‌ನಲ್ಲಿ ಆ ಇನ್ನೊಂದು ಟಚ್ ಇರಲ್ಲ.

ಸಾಲದ್ದಕ್ಕೆ ಅದೇ ಸೀಸನ್‌ನಿಂದ ರೆಫರಿಗಳು ವೇಸ್ಟ್ ಆದ ಟೈಮನ್ನ ಕರಾರುವಾಕ್ಕಾಗಿ ಸೇರಿಸೋಕೆ ಶುರು ಮಾಡಿದ್ರು. ಇಂಜುರಿ ಟೈಮ್ ಏಳು ಎಂಟು ನಿಮಿಷ ಅನ್ನೋದು ಮಾಮೂಲಿ ಆಯ್ತು. ಬೆಂಚು ತುಂಬಾ ಸ್ಟಾರ್‌ಗಳಿರೋ ಟೀಮಿಗೆ ಅದು ವರ, ಹನ್ನೊಂದು ಜನರನ್ನೇ ನಂಬ್ಕೊಂಡಿರೋ ಟೀಮಿಗೆ ಶಿಕ್ಷೆ. ಐದು ಜನರನ್ನ ಬದಲಿಸಬಹುದು ಅನ್ನೋ ರೂಲ್ ಎಲ್ಲರಿಗೂ ಒಂದೇ, ಆದ್ರೆ ಒಳಗೆ ಬರೋ ಆ ಐವರು ಯಾರು ಅನ್ನೋದು ಒಂದೇ ಅಲ್ಲ. ಲಿವರ್‌ಪೂಲ್ ಮ್ಯಾಚ್‌ನಲ್ಲಿ 95ನೇ ನಿಮಿಷದ ಕ್ರಾಸ್ ಹಾಕಿದ ಹಾರ್ವಿ ಎಲಿಯಟ್ ಸಬ್‌ಸ್ಟಿಟ್ಯೂಟ್, ತಲೆ ಕೊಟ್ಟ ಡಿಯಾಜ್‌ನೂ ಸಬ್‌ಸ್ಟಿಟ್ಯೂಟ್.

ಇದು ನನಗೆ ಪುಸ್ತಕದಿಂದ ತಿಳಿದಿದ್ದಲ್ಲ. ನಾನು ನೋಡ್ಕೋತಿದ್ದ ಒಂದು ಟೀಮು ಎ ಡಿವಿಷನ್‌ನಿಂದ ಸೂಪರ್ ಡಿವಿಷನ್‌ಗೆ ಹೋದ ವರ್ಷ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಒಂದು ಮಧ್ಯಾಹ್ನದ ಮ್ಯಾಚ್, ಬಿಸಿಲಿಗೆ ಕಾದ ಟರ್ಫ್, ನಾವು 1-0 ಮುಂದೆ. ನಮ್ಮ ಲೆಫ್ಟ್ ಬ್ಯಾಕ್ ಹತ್ತೊಂಬತ್ತು ವರ್ಷದ ಹುಡುಗ, ಬೆಳಿಗ್ಗೆ ಆರಕ್ಕೆ ಎದ್ದು ಕೊರಿಯರ್ ಹಂಚಿ ಮುಗಿಸಿ ಬಂದಿದ್ದ. ಅರುವತ್ತನೇ ನಿಮಿಷ ದಾಟಿದ್ಮೇಲೆ ಎದುರಾಳಿ ಕೋಚ್ ಒಬ್ಬ ಫ್ರೆಶ್ ವಿಂಗರ್‌ನ ಅವನ ಕಡೆಗೇ ಬಿಟ್ರು. ಥ್ರೋ-ಇನ್‌ಗೆ ಅಂತ ಲೈನ್ ಹತ್ರ ಬಂದ ಹುಡುಗ ನನ್ನ ಕಡೆ ತಿರುಗಿ, "ಸರ್, ತೊಡೆ ಹಿಡ್ಕೊಂಡಿದೆ ಸರ್, ಕಾಲು ಎತ್ತೋಕಾಗ್ತಿಲ್ಲ" ಅಂದ. "ಇನ್ನೊಂದು ಹತ್ತು ನಿಮಿಷ ತಡ್ಕೊಳೋ ಮಗಾ" ಅಂದೆ, ಯಾಕಂದ್ರೆ ಬೆಂಚಲ್ಲಿ ಡಿಫೆಂಡರ್ ಅಂತ ಇದ್ದೋನು ಒಬ್ಬನೇ, ಅವನು ಅವತ್ತು ಕಾಲೇಜ್ ಪರೀಕ್ಷೆಗೆ ಹೋಗಿದ್ದ. ಇನ್ನೂ ನಾಲ್ಕು ಜನರನ್ನ ರಿಜಿಸ್ಟರ್ ಮಾಡಿಸಿ ಅಂತ ನಾನು ಸೀಸನ್ ಶುರುವಿನಿಂದ ಕೇಳ್ಕೊಂಡಿದ್ದೆ, ಈ ಹುಡುಗರೇ ಸಾಕು ಅಂತ ಕ್ಲಬ್‌ನವರು ಹೇಳಿದ್ರು. ಆ ಹತ್ತು ನಿಮಿಷದಲ್ಲಿ ಎರಡು ಗೋಲ್ ಬಂತು, ಎರಡೂ ಆ ಹುಡುಗನ ಕಡೆಯಿಂದ. ಮ್ಯಾಚ್ ಆದ್ಮೇಲೆ ಅವನು ಶೂ ಬಿಚ್ಚದೆ ಗೋಡೆಗೆ ಒರಗಿ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ತಪ್ಪು ಅವನದಾಗಿರಲಿಲ್ಲ.

ಹಾಗಾದ್ರೆ ಲೂಟನ್ ಯಾಕೆ ಬೆಂಚ್ ಕಟ್ಟಲಿಲ್ಲ? ಇಲ್ಲಿ ದುಡ್ಡಿನ ರೂಲ್ ಬರುತ್ತೆ. ಆಗಿನ ನಿಯಮದಲ್ಲಿ ಪ್ರೀಮಿಯರ್ ಲೀಗ್‌ನಲ್ಲಿದ್ದ ಪ್ರತಿ ವರ್ಷಕ್ಕೆ ಒಂದು ಕ್ಲಬ್ 3.5 ಕೋಟಿ ಪೌಂಡ್‌ವರೆಗೆ ನಷ್ಟ ತೋರಿಸಬಹುದು, ಚಾಂಪಿಯನ್‌ಶಿಪ್‌ನಲ್ಲಿದ್ದ ವರ್ಷಕ್ಕೆ 1.3 ಕೋಟಿ ಮಾತ್ರ. ಮೂರು ವರ್ಷ ಸೇರಿಸಿ ನೋಡ್ತಾರೆ. ಮೇಲೇನೇ ಇದ್ದವರಿಗೆ 10.5 ಕೋಟಿ ಪೌಂಡ್, ಎರಡು ವರ್ಷ ಕೆಳಗಿದ್ದು ಈಗಷ್ಟೇ ಬಂದವರಿಗೆ 6.1 ಕೋಟಿ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2022ರಲ್ಲಿ ಬಡ್ತಿ ಸಿಕ್ಕಿದ ತಕ್ಷಣ ಒಂದೇ ಸೀಸನ್‌ನಲ್ಲಿ ಎರಡು ಟೀಮ್ ಆಗೋವಷ್ಟು ಆಟಗಾರರನ್ನ ತಂದು ಉಳ್ಕೊಂಡ್ರು, ಆ 6.1 ಕೋಟಿ ದಾಟಿದ್ದಕ್ಕೆ 2024ರ ಮಾರ್ಚ್‌ನಲ್ಲಿ 4 ಪಾಯಿಂಟ್ ಕಳ್ಕೊಂಡ್ರು, ಆಮೇಲೂ 32 ಪಾಯಿಂಟ್‌ಗೆ 17ನೇ ಸ್ಥಾನ ಹಿಡಿದು ಉಳಿದ್ರು. ಲೂಟನ್‌ಗಿಂತ ಒಂದೇ ಸ್ಥಾನ ಮೇಲೆ.

ಒಮ್ಮೆ ಬೀದಿಗೆ ಬಿದ್ದು ಎದ್ದು ಬಂದಿದ್ದ ಲೂಟನ್‌ನವರು ಆ ದಾರಿ ಹಿಡೀಲಿಲ್ಲ, ಪವರ್ ಕೋರ್ಟ್‌ನಲ್ಲಿ ಹೊಸ ಸ್ಟೇಡಿಯಂ ಕಟ್ಟೋ ಕನಸು ಬೇರೆ ಇತ್ತು. ಅದನ್ನ ನಾನು ತುಂಬಾ ಗೌರವಿಸ್ತೀನಿ. ಆದ್ರೆ ಅದರ ಬೆಲೆ ಮೈದಾನದಲ್ಲಿ ಕೊಡಬೇಕಾಗಿ ಬಂತು. ಲೋನ್‌ನಲ್ಲಿ, ಅಂದ್ರೆ ಬೇರೆ ಕ್ಲಬ್‌ನಿಂದ ಸ್ವಲ್ಪ ಕಾಲಕ್ಕೆ ಎರವಲು ತಂದವರ ಕಥೆ ನೋಡಿ, ಲೊಕೊಂಗಾ ಆರ್ಸೆನಲ್‌ನಿಂದ, ಕಬೋರೆ ಸಿಟಿಯಿಂದ. ಲೋನ್ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಆಡೋ ಹಾಗಿಲ್ಲ, ಹಾಗಾಗಿ ಡಿಸೆಂಬರ್‌ನ ಆ ಎರಡು ಮ್ಯಾಚ್‌ಗೂ ಒಬ್ಬೊಬ್ಬ ಮೊದಲೇ ಔಟ್. ಲಾಕ್ಯರ್ ಇಲ್ಲ. ಜನವರಿ 30ಕ್ಕೆ ಬ್ರೈಟನ್‌ನ 4-0 ಸೋಲಿಸಿದಾಗ ಹ್ಯಾಟ್ರಿಕ್ ಹೊಡೆದ ಅಡೆಬಾಯೋ ಫೆಬ್ರುವರಿಯಲ್ಲಿ ಹ್ಯಾಮ್‌ಸ್ಟ್ರಿಂಗ್‌ನಿಂದ ಕೂತ. ಆ ಬ್ರೈಟನ್ ಗೆಲುವಿನ ಮೇಲೆ ಸೀಸನ್ ಮುಗಿಯೋವರೆಗೂ ಲೂಟನ್‌ಗೆ ಸಿಕ್ಕಿದ್ದು ಇನ್ನೊಂದೇ ಗೆಲುವು. ಜನವರಿ ಮಾರ್ಕೆಟ್‌ನಲ್ಲಿ ಹಶಿಯೊಕಾ ಥರ ಇನ್ನಿಬ್ಬರು ರೆಡಿ ಡಿಫೆಂಡರ್‌ಗಳನ್ನ ತಂದಿದ್ರೆ ಕಥೆ ಬೇರೆ ಆಗ್ತಿತ್ತು ಅನ್ನೋದು ನನ್ನ ಅಭಿಪ್ರಾಯ, ಗೋಲ್ ಹೊಡೆಯೋಕೆ ಜನ ಇದ್ರು, ಗೋಲ್ ಕಾಯೋಕೆ ಇರಲಿಲ್ಲ.

ಲೂಟನ್ ಒಂದೇ ಅಲ್ಲ. ಬಾಲ್ ಇಟ್ಕೊಂಡು ಸಣ್ಣ ಪಾಸ್ ಆಡೋ ಟೀಮ್‌ಗಳೂ ಇದೇ ಗತಿ ಕಂಡ್ವು. ಚಾಂಪಿಯನ್‌ಶಿಪ್‌ನಲ್ಲಿ 101 ಪಾಯಿಂಟ್ ತಗೊಂಡ ಬರ್ನ್ಲಿ ಮೇಲೆ ಬಂದು 24 ಪಾಯಿಂಟ್‌ಗೆ ನಿಂತ್ರು, ಅವರ ಜೊತೆಗೇ ಮೇಲೆ ಬಂದ ಶೆಫೀಲ್ಡ್ ಯುನೈಟೆಡ್ 104 ಗೋಲ್ ಬಿಟ್ರು. ಮುಂದಿನ ವರ್ಷ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಮೂವರೂ ಕೆಳಗೆ, ಸೌತಾಂಪ್ಟನ್ ಬರೀ 12 ಪಾಯಿಂಟ್. ಆ ಸೌತಾಂಪ್ಟನ್ 2024ರ ಅಕ್ಟೋಬರ್‌ನಲ್ಲಿ ಲೆಸ್ಟರ್ ವಿರುದ್ಧ 2-0 ಮುಂದೆ ಇದ್ದು 64, 74, 98ನೇ ನಿಮಿಷಕ್ಕೆ ಬಿಟ್ಟು ಸೋತಿದ್ದು ನೆನಪಿದೆಯಾ? ಬಂದ ಮೂರೂ ಟೀಮ್ ಅದೇ ವರ್ಷ ವಾಪಸ್ ಹೋಗೋದು ಅದಕ್ಕೂ ಮುಂಚೆ ಪ್ರೀಮಿಯರ್ ಲೀಗ್‌ನಲ್ಲಿ ಆಗಿದ್ದು 1997-98ರಲ್ಲಿ ಮಾತ್ರ, ಆಮೇಲೆ ಈ ಎರಡು ವರ್ಷ ಸಾಲಾಗಿ ಆಯ್ತು.

ನಮ್ಮ ಕಡೆ ಕೋಚ್‌ಗಳು ಕೇಳ್ತಾರೆ, ದುಡ್ಡಿಲ್ಲ, ಏನ್ ಮಾಡೋದು ಅಂತ. ನಮ್ಮ ಟೀಮಿನ ಆ ಸೂಪರ್ ಡಿವಿಷನ್ ವರ್ಷ ಆದ್ಮೇಲೆ ನಾನು ಪ್ರಾಕ್ಟೀಸ್‌ನೇ ಉಲ್ಟಾ ಮಾಡಿದೆ. ಮೊದಲು ಓಡಿಸಿ ಸುಸ್ತು ಮಾಡ್ತೀನಿ, ಆಮೇಲೆ ಬಾಲ್ ಕೊಡ್ತೀನಿ, 1-0 ಮುಂದೆ ಇದೀರಿ ಇಪ್ಪತ್ತು ನಿಮಿಷ ಕಾಯಿರಿ ಅಂತೀನಿ, ಎದುರು ಟೀಮಿಗೆ ಮಾತ್ರ ಪ್ರತಿ ಐದು ನಿಮಿಷಕ್ಕೆ ಫ್ರೆಶ್ ಹುಡುಗರನ್ನ ಬಿಡ್ತೀನಿ. ಒಂದು ಗಂಟೆ ದಾಟಿದ್ಮೇಲೆ ಮ್ಯಾನ್-ಟು-ಮ್ಯಾನ್ ಬಿಟ್ಟು ಐದು ಜನ ಸಾಲಾಗಿ ಹಿಂದೆ ನಿಲ್ಲೋದನ್ನ ಸಿಗ್ನಲ್ ಕೊಟ್ಟ ತಕ್ಷಣ ಮಾಡೋಕೆ ಕಲಿಸಿದೀನಿ. ಕಾಲು ಹಿಡ್ಕೊಂಡಿದೆ ಅಂತ ಹುಡುಗ ಹೇಳಿದ್ರೆ ಬೆಂಚಲ್ಲಿ ಗೋಲ್‌ಕೀಪರ್ ಒಬ್ಬನೇ ಉಳಿದಿದ್ರೂ ಸರಿ, ಅವನನ್ನ ಆಚೆ ಕರೀತೀನಿ.

ಕ್ಲಾಸ್‌ನಲ್ಲಿ ಹುಡುಗರಿಗೆ ಮಾರ್ಚ್ 13ರ ವಿಡಿಯೋ ತೋರಿಸಿದ್ಮೇಲೆ ಏಪ್ರಿಲ್ 6ರದ್ದೂ ತೋರಿಸ್ತೀನಿ. ಅದೇ ಬೋರ್ನ್‌ಮತ್, ಈ ಸಲ ಕೆನಿಲ್‌ವರ್ತ್ ರೋಡ್‌ನಲ್ಲಿ, ಲೂಟನ್ 0-1 ಹಿಂದೆ, ಗಾಯಾಳುಗಳ ಪಟ್ಟಿ ಉದ್ದಕ್ಕಿದೆ. 73ಕ್ಕೆ ಜೋರ್ಡನ್ ಕ್ಲಾರ್ಕ್ ಸಮ ಮಾಡಿದ, 90ನೇ ನಿಮಿಷಕ್ಕೆ ಕಾರ್ಲ್ಟನ್ ಮಾರಿಸ್ ಹೊಡೆದ, 2-1. ಆ ಸೀಸನ್‌ನಲ್ಲಿ ಅವರ ಕೊನೇ ಗೆಲುವು ಅದು. ಮಾರಿಸ್ ಗೋಲ್ ಬಂದಾಗ ನಮ್ಮ ಹುಡುಗರು ಪ್ರತಿ ಸಲ ಕುರ್ಚಿಯಿಂದ ಎದ್ದು ಕೂಗ್ತಾರೆ. ಹಿಂದೆ ಲೆಫ್ಟ್ ಬ್ಯಾಕ್ ಆಡ್ತಿದ್ದ ಆ ಹುಡುಗ ಈಗ ನನ್ನ ಅಸಿಸ್ಟೆಂಟು, ಲ್ಯಾಪ್‌ಟಾಪ್ ಮುಂದೆ ಕೂತು ಆ ಗೋಲನ್ನ ಇನ್ನೊಂದ್ಸಲ ಹಾಕ್ತಾನೆ.