ಸ್ಕ್ರಿಪ್ಟ್ ಓಡುವ ಜಾಗ ಯಾವುದು?

ಪುಣೆಯ ಹಿಂಜವಡಿ, ವಾಕಡ್ ಕಡೆಯ ಪಿಜಿಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದು ಪೈಥಾನ್ ಕಲಿಯುತ್ತಿರುವವರು ಬಹಳ ಜನ. ಡೇಟಾ ಕೋಷ್ಟಕ ಇಡುವ ಸಿಎಸ್‌ವಿ ಫೈಲ್ ಬಗ್ಗೆ ಅವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಅಣ್ಣಾ, ಸಿಎಸ್‌ವಿ ಫೈಲ್ ಡೆಸ್ಕ್‌ಟಾಪ್ ಮ್ಯಾಲೇ ಐತ್ರಿ, ಆದ್ರೂ ಸಿಗವಲ್ದು ಅಂತೈತಿ." ಪಕ್ಕದ ಮಂಚದವರು ಕೊಡುವ ಸಲಹೆಯೂ ಒಂದೇ, ರಿಸ್ಟಾರ್ಟ್ ಮಾಡು.

ಈ ರಿಸ್ಟಾರ್ಟ್ ನಂಬಿಕೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರಿಂದ ಕಾರಣ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ತಾತ್ಕಾಲಿಕ ಫೈಲ್‌ಗಳು ಇರುವ ಟೆಂಪ್ ಫೋಲ್ಡರ್ ರಿಸ್ಟಾರ್ಟ್ ಆದಾಗಲೇ ಖಾಲಿಯಾಗುತ್ತದೆ. ಇದ್ದ ಸುಳಿವೂ ಹೋಯಿತು!

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ, ಬರೆದದ್ದನ್ನು ಒಂದೇ ಒತ್ತಿಗೆ ಓಡಿಸುವ ಕೋಡ್ ರನ್ನರ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡವರು ಜಾಸ್ತಿ. ಹೊಸ ಟ್ಯಾಬ್ ತೆರೆದು, ಸೇವ್ ಮಾಡದೆ, ರನ್ ಒತ್ತುತ್ತಾರೆ. ಆ ಟ್ಯಾಬ್‌ಗೆ ಡಿಸ್ಕ್ ಮೇಲೆ ಇನ್ನೂ ಹೆಸರಿಲ್ಲ, ವಿಳಾಸವಿಲ್ಲ. ಹಾಗಾಗಿ ಎಕ್ಸ್‌ಟೆನ್ಶನ್ ತಾನೇ ಒಂದು ತಾತ್ಕಾಲಿಕ ಫೈಲ್ ಬರೆದು ಅದನ್ನು ಓಡಿಸುತ್ತದೆ. ಎಲ್ಲಿ ಬರೆಯುತ್ತದೆ? ಎಡಿಟರ್‌ನಲ್ಲಿ ಫೋಲ್ಡರ್ ತೆರೆದಿದ್ದರೆ ಅದರೊಳಗೆ. ಸೇವ್ ಆದ ಫೈಲ್‌ನಲ್ಲಿ ನಾಲ್ಕು ಸಾಲು ಸೆಲೆಕ್ಟ್ ಮಾಡಿ ಓಡಿಸಿದರೆ ಆ ಫೈಲ್ ಪಕ್ಕದಲ್ಲಿ. ಟೆಂಪ್‌ಕೋಡ್‌ರನ್ನರ್‌ಫೈಲ್ ಎಂಬ ಅಪರಿಚಿತ ಹೆಸರು ಕಂಡು "ವೈರಸ್ ಬಂತು" ಎಂದು ಹೆದರುವುದು ಇದಕ್ಕೇ. ಹೊಸ ಟ್ಯಾಬ್, ಫೋಲ್ಡರೂ ತೆರೆದಿಲ್ಲ ಎಂದಾದರೆ ಸಿಸ್ಟಮ್‌ನ ಟೆಂಪ್ ಫೋಲ್ಡರ್‌ನಲ್ಲಿ. ಅದೊಂದು ಛತ್ರ. ಯಾವ ಪ್ರೋಗ್ರಾಂ ಬೇಕಾದರೂ ಬಂದು ಇಳಿಯಬಹುದು, ಬಿಟ್ಟುಹೋದ ಸಾಮಾನಿಗೆ ಯಾರೂ ಜವಾಬ್ದಾರರಲ್ಲ.

ಈಗ ಸ್ಕ್ರಿಪ್ಟ್ ಓಡುತ್ತಿರುವುದೂ ಅಲ್ಲಿಂದಲೇ. ನೀವು ಬರೀ ಫೈಲ್ ಹೆಸರು ಕೊಟ್ಟರೆ ಪೈಥಾನ್ ಅದನ್ನು ತಾನು ನಿಂತ ಫೋಲ್ಡರ್‌ನಲ್ಲಿ ಹುಡುಕುತ್ತದೆ, ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಅಲ್ಲ. ಅನುಮಾನ ಇದ್ದರೆ ಸ್ಕ್ರಿಪ್ಟ್ ಬಾಯಿಂದಲೇ ಕೇಳಿ. ಓಎಸ್ ಮಾಡ್ಯೂಲ್‌ನ ಗೆಟ್‌ಸಿಡಬ್ಲ್ಯುಡಿಯನ್ನು ಪ್ರಿಂಟ್ ಮಾಡಿದರೆ ನಿಂತ ಜಾಗ ತೆರೆಯ ಮೇಲೆ ಬರುತ್ತದೆ. ಒಂದೇ ಸಾಲಿಗೆ ಗುಟ್ಟೆಲ್ಲ ಹೊರಬೀಳುವುದು ಎಂಥ ಖುಷಿ, ಅಲ್ವಾ?

ಟೈಪ್ ಮಾಡಿ ಸೇವ್ ಮಾಡದ ಬರಹದ ಕಥೆ ಬೇರೆ. ವಿಂಡೋಸ್‌ನಲ್ಲಿ ವಿಎಸ್ ಕೋಡ್ ಅದನ್ನು ಟೆಂಪ್‌ನಲ್ಲಿ ಇಡುವುದಿಲ್ಲ. ಆಪ್‌ಡೇಟಾದ ರೋಮಿಂಗ್ ಒಳಗೆ, ಕೋಡ್ ಫೋಲ್ಡರ್‌ನ ಬ್ಯಾಕಪ್ಸ್‌ನಲ್ಲಿ ಇಡುತ್ತದೆ. ಕರೆಂಟ್ ಹೋಗಿ ಬಂದರೂ ಟ್ಯಾಬ್ ಮರಳುವುದು ಇದರಿಂದ. ವಿಮ್ ಎಂಬ ಎಡಿಟರ್ ಮಾತ್ರ ಸೇವ್ ಆಗದ ಬದಲಾವಣೆಗಳಿಗೆ ಸಾಮಾನ್ಯವಾಗಿ ಫೈಲ್ ಪಕ್ಕದಲ್ಲೇ ಒಂದು ಅಡಗಿದ ಸ್ವಾಪ್ ಫೈಲ್ ಇಡುತ್ತದೆ.

ತಾತ್ಕಾಲಿಕ ಫೈಲ್ ಬಳಸುವ ಈ ಅಭ್ಯಾಸ 1970ರ ದಶಕದ ಆರಂಭದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇತ್ತು. ಆಗ ಅದು ಓಡುತ್ತಿದ್ದ ಪಿಡಿಪಿ-11 ಯಂತ್ರದಲ್ಲಿ ಒಂದು ಪ್ರೋಗ್ರಾಂ ಒಮ್ಮೆಗೆ ನೋಡಬಹುದಾದ ಮೆಮೊರಿ 64 ಕಿಲೋಬೈಟ್. ಕೆನ್ ಥಾಂಪ್ಸನ್ ಬರೆದ ಇಡಿ ಎಂಬ ಎಡಿಟರ್ ತಿದ್ದುತ್ತಿರುವ ಬರಹವನ್ನು ತಾತ್ಕಾಲಿಕ ಫೈಲ್‌ನಲ್ಲೇ ಇಟ್ಟುಕೊಳ್ಳುತ್ತಿತ್ತು. ಆಗ ಅದು ಸೌಕರ್ಯವಲ್ಲ, ಬೇರೆ ದಾರಿ ಇರಲಿಲ್ಲ.

ಹಾಗಾಗಿ ಮೊದಲು ಫೋಲ್ಡರ್ ತೆರೆಯಿರಿ, ಸ್ಕ್ರಿಪ್ಟ್ ಸೇವ್ ಮಾಡಿ, ಆಮೇಲೆ ಓಡಿಸಿ. ಸ್ಕ್ರಿಪ್ಟ್ ಒಳಗಿನ ಸಬ್‌ಫೋಲ್ಡರ್‌ನಲ್ಲಿದ್ದು, ಸಿಎಸ್‌ವಿ ಅದರ ಪಕ್ಕದಲ್ಲೇ ಇದ್ದರೆ, ಕೋಡ್ ರನ್ನರ್‌ನ ಸೆಟ್ಟಿಂಗ್‌ನಲ್ಲಿ 'ಫೈಲ್ ಡೈರೆಕ್ಟರಿ ಆಸ್ ಸಿಡಬ್ಲ್ಯುಡಿ' ಎಂಬುದನ್ನೂ ಟಿಕ್ ಮಾಡಿ. ಸಿಡಬ್ಲ್ಯುಡಿ ಅಂದರೆ ಪೈಥಾನ್ ನಿಂತ ಫೋಲ್ಡರ್; ಟಿಕ್ ಮಾಡಿದರೆ ಅದು ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲೇ ನಿಲ್ಲುತ್ತದೆ.